ಅರೂಪಿಗೆ ರೂಪವಿಡುವುದು

ಅಮೂರ್ತವಾದ ಜೀವದ್ರವ್ಯವನ್ನು ಶಿಲೆ, ಲೋಹ, ವರ್ಣಗಳೆಂಬ ಮೂರ್ತ ವಸ್ತುಗಳಿಂದ ತೋರಿಸಬಹುದೇ? ತೋರಿಸಬಹುದಾದರೆ ಅದಕ್ಕೆ ಮಿತಿಯಾವುದು? ಈ ಪ್ರಶ್ನೆ ಶಾಸ್ತ್ರಸಭೆಗೆ ಸೇರಿದ್ದೆಂದು ನಾನು ಬಹುಕಾಲ ತಿಳಿದಿದ್ದೆನು. ಕಳೆದ ದಶಲಕ್ಷಣ ಪರ್ವದಲ್ಲಿ ಅದು ನಮ್ಮ ಮನೆಯ ಪಡಸಾಲೆಗೇ ಬಂದುದರಿಂದ ಈ ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಕಾನಹೊಸಹಳ್ಳಿಯ ನಮ್ಮ ಮನೆಯ ದೇವರಗೂಡಿನಲ್ಲಿ ಅಂಗೈಯಗಲದ ಹಿತ್ತಾಳೆಯ ಸಿದ್ಧಬಿಂಬವೊಂದಿದೆ. ಅದರಲ್ಲಿ ಮೂರ್ತಿಯಿಲ್ಲ. ತಗಡನ್ನು ಕೊರೆದು, ಕಾಯೋತ್ಸರ್ಗದಲ್ಲಿ ನಿಂತ ಪುರುಷಾಕಾರದಷ್ಟು ಭಾಗವನ್ನು ತೆಗೆದಿದ್ದಾರೆ. ಉಳಿದಿರುವುದು ಸುತ್ತಲಿನ ಅಂಚು ಮಾತ್ರ. ನನ್ನ ಮೊಮ್ಮಗಳು ಐದಾರು ವರ್ಷದವಳಿದ್ದಾಗ ಅದರೊಳಗೆ ಬೆರಳು ತೂರಿಸಿ, “ಅಜ್ಜಾ, ಈ ದೇವರು ಎಲ್ಲಿಗೆ ಹೋದ?” ಎಂದು ಕೇಳಿದ್ದಳು. “ಮೋಕ್ಷಕ್ಕೆ ಹೋದನಮ್ಮ” ಎಂದು ನಕ್ಕು ಸುಮ್ಮನಾದೆ. ಮೂವತ್ತನಾಲ್ಕು ವರ್ಷ ಪಾಠ ಹೇಳಿದವನಿಗೆ ಮಕ್ಕಳ ಪ್ರಶ್ನೆಗೆ ಚಿಕ್ಕ ಉತ್ತರ ಕೊಟ್ಟು ಮುಗಿಸುವ ಅಭ್ಯಾಸ ಬೇಗ ಬಿಡುವುದಿಲ್ಲ.

ಮೂರು ವರ್ಷದ ಹಿಂದೆ ಆಕೆಯ ತಂದೆ, ಎಂದರೆ ನನ್ನ ಹಿರಿಯ ಮಗ, ನಲವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು. ನಾನು ಅನಿತ್ಯ ಭಾವನೆ, ಅಶರಣ ಭಾವನೆಗಳನ್ನು ಮನೆಮಂದಿಗೆಲ್ಲ ಓದಿ ಹೇಳಿದೆನು. ಕುದಿಯುವ ಪಾತ್ರೆಗೆ ಮುಚ್ಚಳವಿಟ್ಟಂತೆ ಅವುಗಳನ್ನು ನನ್ನ ಮೇಲೆಯೇ ಇಟ್ಟುಕೊಂಡಿದ್ದೆನೆಂಬುದು ಈಗ ತಿಳಿಯುತ್ತದೆ. ಮೊಮ್ಮಗಳು ಚಿತ್ರಕಲೆಯ ವಿದ್ಯಾರ್ಥಿನಿ. ಕಳೆದ ಭಾದ್ರಪದದಲ್ಲಿ ರಜೆಗೆ ಬಂದವಳು ಆಳೆತ್ತರದ ಒಂದು ತಗಡನ್ನು ತಂದು ದೇವರಗೂಡಿನ ಪಕ್ಕದ ಗೋಡೆಗೆ ಆನಿಸಿದಳು. ಅದರಲ್ಲಿಯೂ ಒಬ್ಬ ಮನುಷ್ಯನ ಆಕಾರವನ್ನು ಕೊರೆದು ತೆಗೆದಿತ್ತು. ಆದರೆ ಅದು ಕಾಯೋತ್ಸರ್ಗವಲ್ಲ. ಒಂದು ಕೈ ಸೊಂಟದ ಮೇಲೆ, ಎಡ ಭುಜ ಬಲಕ್ಕಿಂತ ತುಸು ಇಳಿದದ್ದು. ಬಿತ್ತನೆ ಬೀಜದ ಚೀಲಗಳನ್ನು ಹೊತ್ತು ಹೊತ್ತು ನನ್ನ ಮಗನ ಎಡ ಭುಜ ಹಾಗೆ ಇಳಿದಿತ್ತು. ಮುಖವಿಲ್ಲ, ಮೈಯಿಲ್ಲ, ಬರಿಯ ಅಂಚಿನಿಂದಲೇ ಗುರುತು ಹಿಡಿದೆನು.

ನನಗೆ ಬಂದದ್ದು ದುಃಖವಲ್ಲ, ಕೋಪ. “ಇದು ಸಿದ್ಧ ಪರಮೇಷ್ಠಿಗಳಿಗೆ ಮಾಡಿದ ಅವಿನಯ. ನಿನ್ನ ಅಪ್ಪ ಸಂಸಾರಿ ಜೀವ. ಅಷ್ಟಕರ್ಮಗಳು ಕ್ಷಯವಾದವರ ಚಿಹ್ನೆಯನ್ನು ಅವನಿಗೆ ಹೇಗೆ ಇಟ್ಟೆ?” ಎಂದು ಗದರಿದೆನು. ಆಕೆ ಅಳಲಿಲ್ಲ. “ಹಾಗಾದರೆ ಅಪ್ಪನಿಗೆ ಯಾವ ಆಕಾರ ಬರೆಯಲಿ, ನೀವೇ ಹೇಳಿ ಅಜ್ಜಾ” ಎಂದು ಹೇಳಿ, ತಗಡಿನ ಮೇಲೆ ಪಂಚೆಯೊಂದನ್ನು ಹೊದಿಸಿ ಒಳಗೆ ಹೋದಳು.

ಮರುದಿನ ಅನಂತ ಚತುರ್ದಶಿ, ನನಗೆ ಉಪವಾಸ. ಉಪವಾಸದ ರಾತ್ರಿ ನಿದ್ರೆ ತೆಳುವಾಗಿರುತ್ತದೆಂಬುದನ್ನು ವ್ರತಿಗಳಾದ ವಾಚಕರು ಬಲ್ಲರು. ಆಕೆಯ ಪ್ರಶ್ನೆಗೆ ಶಾಸ್ತ್ರದಿಂದ ಉತ್ತರ ಹುಡುಕುತ್ತ ಮಲಗಿದೆನು.

ನಮ್ಮ ಆಚಾರ್ಯರು ರೂಪವಿಡುವುದನ್ನು ನಿಷೇಧಿಸಿದವರಲ್ಲ. ನಾಮ, ಸ್ಥಾಪನಾ, ದ್ರವ್ಯ, ಭಾವವೆಂಬ ನಾಲ್ಕು ನಿಕ್ಷೇಪಗಳಲ್ಲಿ ಎರಡನೆಯದೇ ಇದು. ಜಿನಬಿಂಬದಂತೆ ಆಕಾರ ಹೋಲುವುದು ತದಾಕಾರ ಸ್ಥಾಪನೆ. ಚದುರಂಗದ ಮಣೆಯ ಮೇಲಿನ ಕಾಯಿಯನ್ನು ಆನೆಯೆಂದು, ಕುದುರೆಯೆಂದು ಕರೆಯುವುದು ಅತದಾಕಾರ ಸ್ಥಾಪನೆ. ಅಕಲಂಕದೇವರು ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಿದ್ದಾರೆ: ಬರಿಯ ಹೆಸರಿಟ್ಟಲ್ಲಿ ಆದರವಿರಬೇಕಾಗಿಲ್ಲ, ಸ್ಥಾಪಿಸಿದಲ್ಲಿ ಆದರ ಹುಟ್ಟುತ್ತದೆ. ಮಗುವಿಗೆ ಜಿನದತ್ತನೆಂದು ಹೆಸರಿಟ್ಟರೆ ಯಾರೂ ಅದಕ್ಕೆ ಅರ್ಘ್ಯವೆತ್ತುವುದಿಲ್ಲ. ಬಿಂಬದ ಮುಂದೆ ಎತ್ತುತ್ತಾರೆ. ಆದ್ದರಿಂದಲೇ ಚಿಹ್ನೆಯನ್ನು ಇಡುವವನ ಹೊಣೆ ದೊಡ್ಡದು.

ಹೊಣೆಯರಿತು ಇಟ್ಟ ಚಿಹ್ನೆಗಳು ನಮ್ಮಲ್ಲಿ ಎಷ್ಟಿವೆ! ಶ್ರವಣಬೆಳಗೊಳದ ಜೈನಮಠದ ಗೋಡೆಯ ಮೇಲೆ ಷಡ್ಲೇಶ್ಯೆಯ ವೃಕ್ಷದ ಚಿತ್ರವಿದೆ. ಹಸಿದ ಆರು ಮಂದಿ; ಒಬ್ಬ ಮರವನ್ನು ಬುಡಸಹಿತ ಕಡಿಯಬೇಕೆನ್ನುತ್ತಾನೆ, ಕೊನೆಯವನು ನೆಲಕ್ಕೆ ಬಿದ್ದ ಹಣ್ಣು ಸಾಕೆನ್ನುತ್ತಾನೆ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಹೇಳಿದ ವಿಷಯವೇ ಅದು. ಒಮ್ಮೆ ಮಕ್ಕಳಿಗೆ ಆ ಚಿತ್ರ ತೋರಿಸಿ “ಇವರಲ್ಲಿ ನೀನು ಯಾರು?” ಎಂದು ಕೇಳಿದೆ. ನಲವತ್ತು ಮಕ್ಕಳೂ ಆರನೆಯವನನ್ನೇ ತೋರಿಸಿದರು! ನಾನೂ ಒಳಗೊಳಗೆ ಅವನನ್ನೇ ಆರಿಸಿಕೊಂಡಿದ್ದೆ. ಉತ್ತರ ಮೊದಲೇ ಗೊತ್ತಿರುವ ಚಿತ್ರದ ತೊಡಕು ಇದು.

ಮಧುಬಿಂದುವಿನ ದೃಷ್ಟಾಂತಕ್ಕೂ ಹಾಗೆಯೇ ಆಗಿದೆ. ಆನೆ ಕಾಲ, ಬಾವಿ ಸಂಸಾರ, ಬಿಳಿ ಕಪ್ಪು ಇಲಿಗಳು ಶುಕ್ಲ ಕೃಷ್ಣ ಪಕ್ಷಗಳೆಂದು ಒಗಟು ಬಿಡಿಸಿ ಮುಂದೆ ನಡೆಯುತ್ತೇವೆ. ರಷ್ಯದ ಟಾಲ್‌ಸ್ಟಾಯ್ ಐವತ್ತರ ಪ್ರಾಯದಲ್ಲಿ ಬಾಳುವುದೇಕೆಂದು ತಿಳಿಯದೆ ಕಂಗೆಟ್ಟು ಬರೆದ, 1882ರಲ್ಲಿ ಅಚ್ಚಾದ ತನ್ನ ಆತ್ಮನಿವೇದನೆಯಲ್ಲಿ ಈ ಪೂರ್ವದೇಶದ ಕಥೆಯನ್ನೇ ಎತ್ತಿಕೊಂಡು, ಬಾವಿಯಲ್ಲಿ ತೂಗುತ್ತಿರುವವನು ನಾನೇ, ಜೇನು ಈಗ ಸಿಹಿಯಾಗಿಲ್ಲ ಎಂಬ ಅರ್ಥದಲ್ಲಿ ಹೇಳಿಕೊಂಡನು. ನಮಗೆ ಪಾಠವಾದದ್ದು ಅವನಿಗೆ ಪ್ರಶ್ನೆಯಾಯಿತು.

ಇನ್ನು ಗೊಮ್ಮಟೇಶ್ವರ. ಒಂದು ವರ್ಷ ಅನ್ನನೀರಿಲ್ಲದೆ ಪ್ರತಿಮಾಯೋಗದಲ್ಲಿ ನಿಂತವನ ತಪಸ್ಸನ್ನು ಕಲ್ಲಿನಲ್ಲಿ ಹೇಗೆ ಕಾಣಿಸುವುದು? ಸೊರಗಿದ ಮೈ, ಗುಳಿಬಿದ್ದ ಕೆನ್ನೆಗಳನ್ನು ಕೆತ್ತಬಹುದಾಗಿತ್ತು. ಹತ್ತನೆಯ ಶತಮಾನದ ಆ ಶಿಲ್ಪಿ ಹಾಗೆ ಮಾಡದೆ, ದೇಹವನ್ನು ಪೂರ್ಣವಾಗಿ ಬಿಟ್ಟು, ತೊಡೆತೋಳುಗಳಿಗೆ ಬಳ್ಳಿಯನ್ನು ಹಬ್ಬಿಸಿ ಕಾಲಬಳಿ ಹುತ್ತವನ್ನಿಟ್ಟನು. ಬೆಳೆದದ್ದು ಬಳ್ಳಿ, ನಿಂತದ್ದು ಬಾಹುಬಲಿ. ಉಪವಾಸದ ಕುರಿತು ಇದಕ್ಕಿಂತ ಮಿಗಿಲಾದ ಚಿತ್ರವನ್ನು ನಾನು ಕಾಣೆ.

ಆದರೆ ಇವೆಲ್ಲ ಮಹಾತ್ಮರ ಮಾತು. ಸಾಮಾನ್ಯ ಗೃಹಸ್ಥನಿಗೆ ಯಾವ ರೂಪ? ಅದಕ್ಕೂ ಹಿರಿಯರು ದಾರಿ ಮಾಡಿದ್ದಾರೆ. ಸೊರಬ ತಾಲೂಕಿನ ಹಿರೇಆವಲಿಯಲ್ಲಿ ಸಮಾಧಿಮರಣ ಪಡೆದವರ ನಿಸಿದಿಗಲ್ಲುಗಳು ಸಾಲಾಗಿವೆ. ಅವರಲ್ಲಿ ಗೃಹಸ್ಥರೂ ಸ್ತ್ರೀಯರೂ ಇದ್ದಾರೆ. ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೇಲೆ ಜಿನ, ಕೆಳಗೆ ಪುಸ್ತಕಪೀಠದ ಆಚೆ ಗುರು, ಈಚೆ ಕೈಮುಗಿದು ಕುಳಿತ ಆ ವ್ಯಕ್ತಿ. ಸತ್ತವನನ್ನು ಕೇಳುತ್ತಿರುವವನಂತೆ ತೋರಿಸಿದರೇ ಹೊರತು ಸಿದ್ಧನಂತೆ ತೋರಿಸಲಿಲ್ಲ. ನನ್ನ ಕೋಪಕ್ಕೆ ಆಧಾರವಿತ್ತೆಂದು ಆ ರಾತ್ರಿ ತುಸು ಸಮಾಧಾನವಾಯಿತು. ಆದರೆ ನನ್ನ ಮಗ ಅಂಗಡಿಯಲ್ಲಿ ಚೀಲ ಇಳಿಸುತ್ತಿದ್ದಾಗ ಕುಸಿದವನು. ಅವನಿಗೆ ಗುರುವಿನ ಮುಂದೆ ಕೂರಲು ಗಳಿಗೆ ಸಿಕ್ಕಲಿಲ್ಲ. ನಿಸಿದಿಯ ರೂಪವೂ ಅವನಿಗೆ ಸಲ್ಲದು.

ಸಿದ್ಧರ ಆಕಾರವನ್ನು ಹೇಳುವಾಗ ಶಾಸ್ತ್ರಕಾರರು ಮೇಣದ ಅಚ್ಚಿನ ಹೋಲಿಕೆ ಕೊಡುತ್ತಾರೆ. ಎರಕ ಹೊಯ್ಯುವವನು ಮೇಣದ ಬೊಂಬೆಗೆ ಮಣ್ಣು ಮೆತ್ತಿ ಕಾಯಿಸಿದಾಗ ಮೇಣ ಕರಗಿ ಹೋಗುತ್ತದೆ. ಒಳಗೆ ಉಳಿದ ಬಯಲಿಗೆ ಬೊಂಬೆಯ ಆಕಾರವಿರುತ್ತದೆ. ಚರಮದೇಹಕ್ಕಿಂತ ಕಿಂಚಿತ್ ಕಡಿಮೆಯಾದ ಸಿದ್ಧಾಕಾರವೂ ಹಾಗೆ. ಇದು ಶೂನ್ಯವಲ್ಲ. ಹಂಪೆಯಲ್ಲಿ 1385ರಲ್ಲಿ ಇರುಗಪ್ಪ ದಂಡನಾಥನು ಕುಂಥುನಾಥ ಸ್ವಾಮಿಗೆ ಕಟ್ಟಿಸಿದ ಬಸದಿಯನ್ನು, ಈಗ ಜನ ಗಾಣಿಗಿತ್ತಿ ಗುಡಿಯೆನ್ನುವುದನ್ನು, ಹೊಕ್ಕು ನೋಡಿದರೆ ಅದರ ಗರ್ಭಗೃಹ ಬರಿದು. ಅದು ಬರಿದು ಮಾತ್ರ. ಸಿದ್ಧಬಿಂಬದ ಬಯಲಿಗಾದರೋ ತಲೆಯುಂಟು, ತೋಳುಂಟು.

ಇದನ್ನು ನೆನೆಯುತ್ತಿರುವಾಗ ನಾಮಕರ್ಮದ ಪ್ರಕೃತಿಗಳಲ್ಲಿ ಒಂದಾದ ಆನುಪೂರ್ವಿ ನೆನಪಾಯಿತು. ವರ್ಷಗಟ್ಟಲೆ ಕಂಠಪಾಠ ಮಾಡಿಸಿದ್ದೆ. ಒಂದು ದಿನವೂ ಅದರ ಅರ್ಥ ಎದೆಗೆ ತಾಗಿರಲಿಲ್ಲ. ಜೀವವು ಒಂದು ದೇಹವನ್ನು ಬಿಟ್ಟು ಮತ್ತೊಂದಕ್ಕೆ ಹೋಗುವ ವಿಗ್ರಹಗತಿಯಲ್ಲಿ, ಬಿಟ್ಟು ಬಂದ ದೇಹದ ಆಕಾರವು ಅಳಿಯದಂತೆ ಇರಿಸುವ ಕರ್ಮ ಅದು. ಆಗ ಜೀವ ಅನಾಹಾರಕ, ಒಂದು, ಎರಡು ಅಥವಾ ಮೂರು ಸಮಯ ಮಾತ್ರ. ನಾವು ಉಪವಾಸದಲ್ಲಿ ಬಿಡುವುದು ಕವಲಾಹಾರವನ್ನು. ದೇಹವು ಪರಮಾಣುಗಳನ್ನು ಸೆಳೆದುಕೊಳ್ಳುವುದು ನಿಲ್ಲುವುದಿಲ್ಲ. ನಮ್ಮಂಥವರಿಗೆ ಪೂರ್ಣ ಉಪವಾಸವೆಂಬುದು ಆ ಮೂರು ಸಮಯದ ದಾರಿಯಲ್ಲಿ ಮಾತ್ರ. ಹಾಗಾದರೆ ವಕ್ರಗತಿಯಲ್ಲಿ ಹೋಗಿದ್ದರೆ ನನ್ನ ಮಗನೂ ಅಷ್ಟು ಹೊತ್ತು ದೇಹವಿಲ್ಲದೆ, ಅದೇ ಇಳಿದ ಭುಜದ ಆಕಾರದಲ್ಲಿ ಇದ್ದನು!

ಪಾರಣೆಯ ದಿನ ಬೆಳಗ್ಗೆ ಮೊಮ್ಮಗಳನ್ನು ಕರೆದು ಇದನ್ನು ಹೇಳಿದೆನು. ನಿನ್ನ ತಗಡು ಸುಳ್ಳಲ್ಲ, ಆದರೆ ಬಹಳ ಹೊತ್ತು ನಿಜವಲ್ಲ. ಸಿದ್ಧರದ್ದು ಎಂದೆಂದಿಗೂ ಬಯಲು, ಅಪ್ಪನದ್ದು ಕೂಡಲೇ ತುಂಬಿಹೋದದ್ದು, ಆದ್ದರಿಂದ ಅದು ದೇವರಗೂಡಿನ ಪಕ್ಕದಲ್ಲಿ ಇರತಕ್ಕದ್ದಲ್ಲ ಎಂದೆನು. ಗದರಿದ್ದಕ್ಕೆ ತಪ್ಪಾಯಿತೆಂದೂ ಹೇಳಿದೆನು, ಮೊದಲೇ ಹೇಳಬೇಕಾಗಿತ್ತು.

“ಮೂರು ಸಮಯ ಅಂದರೆ ಎಷ್ಟು ಹೊತ್ತು ಅಜ್ಜಾ?”

“ನೀನು ಒಂದು ಸಲ ರೆಪ್ಪೆ ಬಡಿಯುವುದರೊಳಗೆ ಅಸಂಖ್ಯಾತ ಸಮಯಗಳು ಕಳೆಯುತ್ತವೆ.”

ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಮಧ್ಯಾಹ್ನ ತಾನೇ ತಗಡನ್ನೆತ್ತಿ ಹಿತ್ತಲಿಗೆ ಒಯ್ದು, ಬೇವಿನ ಮರದ ಕೊಂಬೆಗೆ ತಂತಿಯಿಂದ ಕಟ್ಟಿದಳು. ಗೋಡೆಯಿಲ್ಲದ್ದರಿಂದ ಈಗ ಆ ಆಕಾರದೊಳಗೆ ಆಚೆ ಹೋಗುವುದೆಲ್ಲ ಕಾಣುತ್ತದೆ: ಪಕ್ಕದ ಮನೆಯ ಕರು, ಜೋಳದ ಹೊಲದಿಂದ ಮರಳುವವರು, ಒಮ್ಮೊಮ್ಮೆ ಬರಿಯ ಬಿಸಿಲು.

ಇಷ್ಟವಿಯೋಗದ ಆರ್ತಧ್ಯಾನಕ್ಕೆ ಇದು ಇಂಬುಕೊಡುವುದಿಲ್ಲವೇ ಎಂದು ನೆಂಟರೊಬ್ಬರು ಕೇಳಿದರು. ಕೇಳತಕ್ಕ ಪ್ರಶ್ನೆಯೇ. ಕೊಡಬಹುದು, ಬಿಂಬದ ಮುಂದೆ ಕುಳಿತು ಲೌಕಿಕವನ್ನು ಬೇಡುವವರೂ ಇದ್ದಾರೆ. ನಾನು ಕಂಡದ್ದಿಷ್ಟು: ಮೂರು ವರ್ಷ ಆ ಮನೆಯಲ್ಲಿ ಅವನ ಹೆಸರೆತ್ತದ ನಾವು ಈಗ ಎತ್ತುತ್ತೇವೆ. ಸೊಸೆ ಮಾತ್ರ ಅದರ ಮುಂದೆ ನಿಲ್ಲುವುದಿಲ್ಲ. ಅದರ ಹಿಂದೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾಳೆ.