ಅನ್ನದ ಮೇಲಿನ ಆರೋಪ

ಒಂದೇ ವಸ್ತುವನ್ನು ಒಬ್ಬರು ಔಷಧವೆಂದೂ ಮತ್ತೊಬ್ಬರು ವಿಷವೆಂದೂ ಹೇಳಿದರೆ ವಿವೇಕಿಯಾದವನು ಯಾರನ್ನು ನಂಬಬೇಕು? ಬಿಳಿ ಅಕ್ಕಿಯ ವಿಷಯದಲ್ಲಿ ಈ ಪ್ರಶ್ನೆ ಇಂದು ನಮ್ಮ ಮನೆಗಳ ಊಟದ ಪಂಕ್ತಿಯಲ್ಲಿಯೇ ಎದ್ದಿದೆ. ತಂದೆಗೆ ಅನ್ನವಿಲ್ಲದೆ ಊಟ ಪೂರ್ಣವಾಗದು. ಮಗನಿಗೆ ಅನ್ನ ನಿಷಿದ್ಧ. ಸೊಸೆಗೆ ಪಾಲಿಶ್ ಮಾಡದ ಅಕ್ಕಿಯೇ ಆಗಬೇಕು. ಪಥ್ಯಭೇದ ದೊಡ್ಡ ಸಂಗತಿಯಲ್ಲ. ಆದರೆ ಅದರ ಬೆನ್ನಿಗೇ ‘ನಾನು ತಿಳಿದವನು, ನೀನು ಅಜ್ಞಾನಿ’ ಎಂಬ ಭಾವ ಬಂದು ಕುಳಿತಾಗ ಆರೋಗ್ಯದ ಪ್ರಶ್ನೆ ನೀತಿಯ ಪ್ರಶ್ನೆಯಾಗುತ್ತದೆ.

ಮೊದಲು ವಸ್ತುವಿನ ಜಮಾಖರ್ಚನ್ನು ನೋಡೋಣ. 100 ಕಿಲೋ ಭತ್ತವನ್ನು ಗಿರಣಿಗೆ ಹಾಕಿದರೆ ಸುಮಾರು 20 ಕಿಲೋ ಹೊಟ್ಟು, 8-10 ಕಿಲೋ ತೌಡು ಹೋಗಿ, ನುಚ್ಚೂ ಸೇರಿ 65ರಿಂದ 70 ಕಿಲೋ ಬಿಳಿ ಅಕ್ಕಿ ದೊರೆಯುತ್ತದೆ. ಹೊಟ್ಟು ಹೋದರೆ ಉಣ್ಣುವವನಿಗೆ ನಷ್ಟವಿಲ್ಲ. ತೌಡಿನೊಡನೆ ನಾರು, ಜಿಡ್ಡು ಹಾಗೂ ‘ಬಿ’ ಗುಂಪಿನ ಜೀವಸತ್ತ್ವಗಳ ಬಹುಭಾಗ ಹೊರಟುಹೋಗುತ್ತದೆ. ಜಿಡ್ಡು ಹೋಗುವುದರಿಂದಲೇ ಅಕ್ಕಿ ಕೆಡದೆ ಬಹುಕಾಲ ನಿಲ್ಲುತ್ತದೆ. ಅದು ವ್ಯಾಪಾರಿಯ ಲಾಭ. ನಷ್ಟದ ಬಾಬತ್ತು 19ನೆಯ ಶತಮಾನದ ಕೊನೆಯಲ್ಲಿ ಬೆಳಕಿಗೆ ಬಂದಿತು. ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್, ಬರೀ ಬಿಳಿ ಅಕ್ಕಿ ತಿಂದ ಕೋಳಿಗಳಿಗೆ ಬೆರಿಬೆರಿಯನ್ನು ಹೋಲುವ ನರರೋಗ ಬರುವುದನ್ನೂ ತೌಡುಳ್ಳ ಅಕ್ಕಿಯಿಂದ ಅದು ವಾಸಿಯಾಗುವುದನ್ನೂ ಕಂಡರು; 1929ರಲ್ಲಿ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ನಮ್ಮ ಕರಾವಳಿಯ ಕುಚ್ಚಲಕ್ಕಿಯಲ್ಲಿ ಭತ್ತವನ್ನು ಮೊದಲೇ ಬೇಯಿಸುವುದರಿಂದ ಈ ಸತ್ತ್ವದ ಒಂದಂಶ ಕಾಳಿನೊಳಕ್ಕೆ ಇಳಿದು ಉಳಿಯುತ್ತದೆ.

ಇನ್ನು ಪಥ್ಯಗಳು. 1939ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯ ವಾಲ್ಟರ್ ಕೆಂಪ್ನರ್, ತೀವ್ರ ರಕ್ತದೊತ್ತಡ ಮತ್ತು ಮೂತ್ರಪಿಂಡದ ರೋಗಿಗಳಿಗೆ ಬಿಳಿ ಅನ್ನ, ಹಣ್ಣು, ಸಕ್ಕರೆಗಳನ್ನೇ ಮುಖ್ಯ ಆಹಾರವಾಗಿ ಕೊಟ್ಟರು. ಉಪ್ಪು, ಜಿಡ್ಡುಗಳನ್ನು ದೂರವಿಟ್ಟರು. ಅಲ್ಲಿ ಅನ್ನವೇ ಮದ್ದು. ಗೋಧಿಯ ಗ್ಲುಟೆನ್ ಒಗ್ಗದವರಿಗೂ ಅಕ್ಕಿ ಆಸರೆ. ಆದರೆ 1921ರಲ್ಲಿ ಅಪಸ್ಮಾರದ ಚಿಕಿತ್ಸೆಗಾಗಿ ರೂಪುಗೊಂಡು ಇಂದು ಮೈ ಇಳಿಸುವವರಲ್ಲಿ ಪ್ರಸಿದ್ಧವಾಗಿರುವ ಕೀಟೋ ಪಥ್ಯದಲ್ಲಿ ಅದೇ ಅನ್ನ ವರ್ಜ್ಯ. 21 ದೇಶಗಳ ಜನರನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ 450 ಗ್ರಾಂ ಅಥವಾ ಹೆಚ್ಚು ಬೆಂದ ಬಿಳಿ ಅನ್ನ ಉಣ್ಣುವವರಲ್ಲಿ, 150 ಗ್ರಾಂಗಿಂತ ಕಡಿಮೆ ಉಣ್ಣುವವರಿಗಿಂತ ಮಧುಮೇಹದ ಸಂಭವ ಹೆಚ್ಚಾಗಿ ಕಂಡಿತು. ದಕ್ಷಿಣ ಏಷ್ಯಾದಲ್ಲಿ ಈ ಸಂಬಂಧ ಅತ್ಯಂತ ಗಾಢವಾಗಿತ್ತು.

ಇವುಗಳಲ್ಲಿ ಸತ್ಯ ಯಾವುದು? ಪ್ರತಿಯೊಂದೂ ಒಂದು ಅಪೇಕ್ಷೆಯಿಂದ ಸತ್ಯ. ಯಾರಿಗೆ, ಯಾವ ಅವಸ್ಥೆಯಲ್ಲಿ, ಎಷ್ಟು, ಯಾವುದರೊಡನೆ ಎಂಬುದನ್ನು ಬಿಟ್ಟು ‘ಅನ್ನ ಕೆಟ್ಟದ್ದು’ ಎಂದರೆ ಅದು ಏಕಾಂತವಾದ. ‘ಅನ್ನಕ್ಕೆ ದೋಷವೇ ಇಲ್ಲ’ ಎಂದರೆ ಅದೂ ಏಕಾಂತವಾದವೇ. ಆದರೆ ಅನೇಕಾಂತವೆಂದರೆ ಎಲ್ಲವೂ ಸರಿ ಎಂದು ಕೈಚೆಲ್ಲುವುದಲ್ಲ. ಮಧುಮೇಹಿಯಾದವನು ‘ಎಲ್ಲವೂ ಸಾಪೇಕ್ಷ’ ಎಂದು ಮೂರು ಬಾರಿ ಅನ್ನ ಬಡಿಸಿಕೊಂಡರೆ ಅವನು ಆಶ್ರಯಿಸಿದ್ದು ಸಿದ್ಧಾಂತವನ್ನಲ್ಲ, ನಾಲಿಗೆಯನ್ನು.

ಆದುದರಿಂದಲೇ ನಮ್ಮ ಆಚಾರ್ಯರು ಬಾಹ್ಯತಪಗಳಲ್ಲಿ ಅವಮೌದರ್ಯವನ್ನು, ಎಂದರೆ ಹಸಿವಿಗಿಂತ ಕಡಿಮೆ ಉಣ್ಣುವುದನ್ನು, ಸೇರಿಸಿದರು. ಪುರುಷನ ಸ್ವಾಭಾವಿಕ ಆಹಾರ 32 ತುತ್ತು. ಒಂದು ತುತ್ತೆಂದರೆ ಸಾವಿರ ಅಕ್ಕಿಕಾಳು. ತೂಗಿದರೆ ಒಟ್ಟು ಸುಮಾರು ಅರ್ಧ ಕಿಲೋ ಅಕ್ಕಿಯಾಗುತ್ತದೆ; ದಿನವಿಡೀ ಗಾದಿಯ ಮೇಲೆ ಕುಳಿತು ಲೆಕ್ಕ ಬರೆಯುವ ನಮ್ಮಂಥವರಿಗೆ ಅದು ಅತಿಯಾದೀತು. ಇಲ್ಲಿ ಮುಖ್ಯವಾದುದು ಆ ಸಂಖ್ಯೆಯಲ್ಲ, ಅದನ್ನು ಮುಟ್ಟುವ ಮೊದಲೇ ಕೈ ಹಿಂದೆಗೆಯುವ ಸಂಯಮ.

ಇನ್ನೊಂದು ಅಂಶ ವಿಚಾರಾರ್ಹ. ರಸಪರಿತ್ಯಾಗದಲ್ಲಿ ತ್ಯಜಿಸಲು ಹೇಳಿದ ರಸಗಳು ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು. ಅನ್ನ ಆ ಪಟ್ಟಿಯಲ್ಲಿಲ್ಲ. ಅನ್ನವನ್ನು ಬಿಟ್ಟು ತುಪ್ಪ, ಪನೀರ್, ಬಾದಾಮಿಗಳನ್ನು ಹೆಚ್ಚಿಸಿಕೊಳ್ಳುವವನು ವೈದ್ಯರ ಸಲಹೆಯಂತೆ ನಡೆಯುತ್ತಿದ್ದರೆ ಯೋಗ್ಯವೇ. ಆದರೆ ಅದನ್ನು ತ್ಯಾಗವೆಂದು ಎಣಿಸಲಾಗದು. ಆಸಕ್ತಿ ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗವಾಯಿತೇ ಹೊರತು ಬಾಕಿ ತೀರಲಿಲ್ಲ.

ಕೊನೆಯದಾಗಿ, ಮಾತಿನ ಹಿಂಸೆ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯಿಂದ ನಮ್ಮ ರಾಜ್ಯದ ಎಷ್ಟೋ ಬಡಕುಟುಂಬಗಳಿಗೆ ಅಕ್ಕಿ ದೊರೆಯಿತು. ಅವರಿಗೆ ಬೇಳೆ, ಕಾಳು, ಸೊಪ್ಪುಗಳೂ ದೊರೆಯಲೆಂದು ಶ್ರಮಿಸುವುದು ಕರುಣೆ. ಅವರ ತಟ್ಟೆಯಲ್ಲಿರುವುದು ವಿಷವೆಂದು ಉಳ್ಳವನು ಘೋಷಿಸುವುದು ಅಹಂಕಾರ. ಮನೆಯಲ್ಲಿ ಮುದುಕರ ಎಲೆಯ ಮುಂದೆ ಆಡುವ ಕೊಂಕುಮಾತಿಗೂ ಇದೇ ನ್ಯಾಯ ಸಲ್ಲುತ್ತದೆ. ಪಥ್ಯ ಅವರವರ ದೇಹಕ್ಕೆ ತಕ್ಕಂತಿರಲಿ. ಪಕ್ಕದವರ ತುತ್ತನ್ನು ಗೌರವಿಸುವ ನಿಯಮ ಮಾತ್ರ ಎಲ್ಲರಿಗೂ ಒಂದೇ.