ಅಮ್ಮನ ಹಾಡು, ಅಪ್ಪನ ಕೆಮ್ಮು



ನಿಮ್ಮ ಮನೆಯ ಅಟ್ಟದ ಮೇಲೋ ಬೀರುವಿನ ಕೆಳಗಿನ ಖಾನೆಯಲ್ಲೋ ಹಳೆಯ ಕ್ಯಾಸೆಟ್ಟುಗಳ ಡಬ್ಬವೊಂದು ಇರಬಹುದು. ಅಂಗಡಿಯಿಂದ ತಂದ ಭಕ್ತಿಗೀತೆಗಳನ್ನು ಪಕ್ಕಕ್ಕಿಡಿ. ಮನೆಯಲ್ಲೇ ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿ ತುಂಬಿಸಿಕೊಂಡ ಒಂದೆರಡು ಕ್ಯಾಸೆಟ್ಟುಗಳೂ ಅದರಲ್ಲಿರುತ್ತವೆ. ಕ್ರಿಸ್ಮಸ್ ರಾತ್ರಿ ಮಕ್ಕಳು ಹಾಡಿದ್ದು, ಸಂಜೆಯ ಜಪಸರ ಮುಗಿದ ಮೇಲೆ ಅಮ್ಮ ಹಾಡಿದ ಮಾತೆ ಮರಿಯಮ್ಮನವರ ಗೀತೆ. 1963ರಲ್ಲಿ ಫಿಲಿಪ್ಸ್ ಕಂಪನಿ ಈ ಪುಟ್ಟ ಕ್ಯಾಸೆಟ್ಟನ್ನು ಹೊರತಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನರ ಮಾತೃಭಾಷೆಗೆ ಎಡೆಮಾಡಿಕೊಟ್ಟಿತು. ಕಾಕತಾಳೀಯವೇ ಇರಬಹುದು, ಆದರೂ ನನಗೆ ಅದನ್ನು ನೆನೆದಾಗ ಸಂತೋಷವಾಗುತ್ತದೆ.

ಕೆಲವು ತಿಂಗಳ ಹಿಂದೆ ಅಕ್ಕ ತಮ್ಮ ಇಬ್ಬರು ನನ್ನ ಬಳಿ ಬಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ತಾಯಿ ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ಆಕೆ ಹಾಡಿದ್ದ ಅರವತ್ತು ನಿಮಿಷದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ವರ್ಷದ ಪೂಜೆಗೆ ಮುನ್ನ ನೆಂಟರಿಷ್ಟರಿಗೆಲ್ಲ ಮೊಬೈಲಿನಲ್ಲಿ ಕಳುಹಿಸಬೇಕೆಂಬುದು ತಮ್ಮನ ಆಸೆ. ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿದ್ದ. ಹಾಡಿನ ಹಿಂದೆ ಕೇಳಿಸುತ್ತಿದ್ದ ತಂದೆಯ ಕೆಮ್ಮನ್ನೂ ಒಂದೊಂದಾಗಿ ಕತ್ತರಿಸಿ ತೆಗೆದಿದ್ದ. ಅಕ್ಕ ಕೇಳಿದವಳೇ ಅತ್ತುಬಿಟ್ಟಳು. "ಫಾದರ್, ಅಪ್ಪನ ದನಿ ಅಂತ ನಮಗೆ ಉಳಿದಿದ್ದೇ ಆ ಕೆಮ್ಮು" ಎಂದಳು. ಕ್ಯಾಸೆಟ್ಟು ತುಂಬಿಸಿದ ಮರುವರ್ಷವೇ ತಂದೆ ತೀರಿಕೊಂಡಿದ್ದರು.

ತಮ್ಮನನ್ನು ದೂರುವಂತಿಲ್ಲ. ಈ ಕೆಲಸ ನಡೆಯುವ ರೀತಿಯನ್ನು ಗಮನಿಸಿ. ಕ್ಯಾಸೆಟ್ಟನ್ನು ಇಳಿಸಿಕೊಳ್ಳಲು ಮನೆಯಲ್ಲಿ ಅವಸರದ ದಾರಿಯಿಲ್ಲ. ಒಂದು ಗಂಟೆಯ ಹಾಡಿಗೆ ಒಂದು ಗಂಟೆ ಬೇಕೇ ಬೇಕು. ಆಮೇಲೆ 'ಸುಸ್ಸ್' ಎನ್ನುವ ಟೇಪಿನ ಸದ್ದನ್ನು ಅಳಿಸಬೇಕು. ಅದಕ್ಕಾಗಿ ಕಂಪ್ಯೂಟರಿಗೆ ಯಾರೂ ಹಾಡದ ಒಂದೆರಡು ಕ್ಷಣದ ತುಣುಕನ್ನು ತೋರಿಸಿ, "ಇದು ಗದ್ದಲ" ಎಂದು ಕಲಿಸಿಕೊಡುತ್ತೇವೆ. ಅದು ಹಾಡಿನುದ್ದಕ್ಕೂ ಆ ಸದ್ದನ್ನು ತಗ್ಗಿಸುತ್ತದೆ. ಕೊನೆಗೆ ಕಳುಹಿಸಲು ಹಗುರವಾಗಲೆಂದು ಎಂಪಿ3 ಮಾಡುತ್ತೇವೆ. ಸಿ.ಡಿ. ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 10 ಎಂ.ಬಿ. ಹಿಡಿಯುವ ಹಾಡು, ಸಾಧಾರಣ ಎಂಪಿ3ಯಲ್ಲಿ ಹೆಚ್ಚುಕಡಿಮೆ 1 ಎಂ.ಬಿ.ಗೆ ಇಳಿಯುತ್ತದೆ. ದೊಡ್ಡ ಸದ್ದಿನ ಮರೆಯಲ್ಲಿ ಕಿವಿಗೆ ಬೀಳದ ಸಣ್ಣ ಸದ್ದುಗಳನ್ನು ಅದು ಬಿಟ್ಟುಬಿಡುತ್ತದೆ. ಬಿಟ್ಟದ್ದು ಮತ್ತೆ ಬಾರದು.

ಹಾಗಾದರೆ ಗದ್ದಲ ಯಾವುದು, ಹಾಡು ಯಾವುದು? ಯಂತ್ರಕ್ಕೆ ಗೊತ್ತಿಲ್ಲ, ನಾವೇ ಹೇಳಿಕೊಡಬೇಕು. ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ, ವಸ್ತುವಿನ ಸಾರ ಯಾವುದು, ಅದಕ್ಕೆ ಬಂದು ಅಂಟಿಕೊಂಡದ್ದು ಯಾವುದು ಎಂದು ನಾವು ಊಟದ ಗಂಟೆ ಹೊಡೆಯುವವರೆಗೆ ವಾದಿಸುತ್ತಿದ್ದೆವು. ಅದೇ ಪ್ರಶ್ನೆ ಈಗ ಒಂದು ಕೆಮ್ಮಿನ ರೂಪದಲ್ಲಿ ನನ್ನ ಮೇಜಿನ ಮೇಲೆ ಬಂದು ಕುಳಿತಿತ್ತು. ತಮ್ಮನಿಗೆ ಅಂಟಿಕೊಂಡದ್ದು ಎನಿಸಿದ್ದು ಅಕ್ಕನಿಗೆ ಸಾರವೇ ಆಗಿತ್ತು.

ಹೀಗೆ ಕತ್ತರಿಸುವುದು ಸುಳ್ಳಾಗುತ್ತದೆಯೇ ಎಂದು ನೀವು ಕೇಳಬಹುದು. ಆಗುವುದಿಲ್ಲ. ಮನಸ್ಸಿನಲ್ಲಿರುವುದಕ್ಕೆ ವಿರುದ್ಧವಾಗಿ ನುಡಿಯುವುದು ಸುಳ್ಳು. ಸತ್ಯವನ್ನು ವಿವೇಕದಿಂದ ಮರೆಮಾಡುವುದು ಬೇರೆ ಎಂದು ಸಂತ ತೋಮಸ್ ಅಕ್ವಿನಾಸರು ಸ್ಪಷ್ಟವಾಗಿ ಬಿಡಿಸಿ ಹೇಳಿದ್ದಾರೆ. ಆ ಕ್ಯಾಸೆಟ್ಟಿನಲ್ಲೇ ಎರಡು ಹಾಡುಗಳ ನಡುವೆ ತಾಯಿ ನೆರೆಮನೆಯ ಕಷ್ಟವೊಂದನ್ನು ಯಾರಿಗೋ ಹೇಳುತ್ತಿರುವುದು ಕೇಳಿಸುತ್ತದೆ. ಅದನ್ನು ನೂರು ಜನರಿಗೆ ಹಂಚಲು ನಮಗೆ ಹಕ್ಕಿಲ್ಲ. ಇತರರ ಖಾಸಗಿ ಬದುಕಿನ ಬಗ್ಗೆ ಸಂಯಮವಿರಬೇಕೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಎಂಟನೆಯ ಆಜ್ಞೆಯಡಿ ಹೇಳುತ್ತದೆ. ಅದನ್ನು ತೆಗೆಯಿರಿ ಎಂದೆ. ಆದರೆ ಕತ್ತರಿಸುವ ಮುನ್ನ ಇಡೀ ಕ್ಯಾಸೆಟ್ಟಿನ ಪೂರ್ಣ ಪ್ರತಿಯೊಂದು ಮನೆಯಲ್ಲಿರಲಿ, ಹಂಚುವಾಗ "ಇದು ಕತ್ತರಿಸಿದ ಪ್ರತಿ" ಎಂಬ ಒಂದು ಮಾತು ಜೊತೆಗಿರಲಿ ಎಂದೂ ಹೇಳಿದೆ. ಶ್ರುತಿ ತಪ್ಪಿದ ಕಡೆ ಸರಿಪಡಿಸಿದ್ದನ್ನು ಮಾತ್ರ ನಾನು ಒಪ್ಪಲಿಲ್ಲ. ಅಮ್ಮ ಆ ತಿರುವಿನಲ್ಲಿ ಯಾವಾಗಲೂ ತುಸು ಕೆಳಗಿಳಿಯುತ್ತಿದ್ದರಂತೆ. ಹಾಡಿನ ಅರ್ಥಕ್ಕಿಂತ ರಾಗವೇ ಮನಸ್ಸನ್ನು ಸೆಳೆದಾಗ ತಾನು ತಪ್ಪು ಮಾಡಿದೆನೆಂದು ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಹತ್ತನೆಯ ಪುಸ್ತಕದಲ್ಲಿ ಅಳುಕುತ್ತಾರೆ. ನಾವೋ ಪ್ರಾರ್ಥಿಸುವ ತಾಯಿಯನ್ನೇ ಗಾಯಕಿಯನ್ನಾಗಿ ತಿದ್ದಲು ಹೊರಡುತ್ತೇವೆ.

ಅಕ್ಕ ಹೊರಗೆ ಹೋದಾಗ ತಮ್ಮ ದನಿ ತಗ್ಗಿಸಿ ಇನ್ನೊಂದು ಮಾತು ಕೇಳಿದ. ಅವರ ಚಿಕ್ಕಮ್ಮನಿಗೂ ತಾಯಿಗೂ ಜಮೀನಿನ ವಿಷಯದಲ್ಲಿ ಕೊನೆಯವರೆಗೆ ಮಾತಿರಲಿಲ್ಲ. ಅಕ್ಕ ಮಾತನಾಡದೆ ಹೋದಳೆಂದು ಚಿಕ್ಕಮ್ಮ ಈಗಲೂ ಕೊರಗುತ್ತಾರೆ. ಸತ್ತವರ ದನಿಯಲ್ಲಿ ಅವರು ಆಡದ ಮಾತನ್ನೂ ಆಡಿಸಬಲ್ಲ ಯಂತ್ರಗಳು ಈಗ ಬಂದಿವೆ. "ಅಮ್ಮ ಕ್ಷಮಿಸಿದ್ದಾರೆ ಅಂತ ಒಂದೇ ಮಾತು ಸೇರಿಸಿದರೆ ಚಿಕ್ಕಮ್ಮನಿಗೆ ನೆಮ್ಮದಿ ಆಗೋದಿಲ್ವಾ, ಫಾದರ್?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವನಲ್ಲಿದ್ದದ್ದು ಕೇಡಲ್ಲ, ಪ್ರೀತಿ. ಪರರಿಗೆ ಒಳಿತಾಗಲೆಂದು ಹೇಳುವ ಸುಳ್ಳನ್ನು ಅಕ್ವಿನಾಸರು ಹಗುರವಾದ ಪಾಪವೆಂದು ಎಣಿಸಿದರೂ ಪಾಪವೆಂದೇ ಹೇಳಿದರು. ನಾನು ಆ ದಾರಿ ಹಿಡಿಯಲಿಲ್ಲ. ಇಷ್ಟೇ ಕೇಳಿದೆ: ಕ್ಷಮೆ ಕೊಡಬೇಕಾದವರು ಅಮ್ಮ. ಅವರು ಕೊಟ್ಟರೋ ಇಲ್ಲವೋ, ದೇವರಿಗೆ ಗೊತ್ತು. ಅವರ ಕೈಯಿಂದ ಅದನ್ನು ಕಸಿದು ನೀನು ಹಂಚಿದರೆ ಚಿಕ್ಕಮ್ಮನ ಕೈಗೆ ಬರುವುದು ಏನು? ಸಂತ ಮೋನಿಕಾ 387ರಲ್ಲಿ ಓಸ್ತಿಯಾ ಪಟ್ಟಣದಲ್ಲಿ ಸಾಯುವಾಗ ಮಕ್ಕಳಲ್ಲಿ ಬೇಡಿಕೊಂಡದ್ದು, ಪ್ರಭುವಿನ ಪೀಠದ ಬಳಿ ತನ್ನನ್ನು ಸ್ಮರಿಸಬೇಕೆಂದು ಮಾತ್ರ. ಚಿಕ್ಕಮ್ಮನನ್ನು ವರ್ಷದ ಪೂಜೆಗೆ ನೀವೇ ಹೋಗಿ ಕರೆಯಿರಿ ಎಂದೆ. ಅವನು ಏನೂ ಹೇಳದೆ ಎದ್ದುಹೋದ.

ಕರೆದರು, ಚಿಕ್ಕಮ್ಮ ಬಂದರು. ಪೂಜೆಯ ನಂತರ ಮನೆಯಲ್ಲಿ ಆ ಹಾಡು ಹಾಕಿದರು, ಕೆಮ್ಮು ಉಳಿಸಿಕೊಂಡ ಹೊಸ ಪ್ರತಿ. ಚಿಕ್ಕಮ್ಮ ತಲೆ ತಗ್ಗಿಸಿ ಕುಳಿತಿದ್ದರು. ಎರಡನೆಯ ಚರಣದಲ್ಲಿ ಕೆಮ್ಮು ಕೇಳಿದ್ದೇ ತಲೆಯೆತ್ತಿ, ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು: "ನೋಡೇ, ಭಾವ ಇನ್ನೂ ಬೀಡಿ ಬಿಟ್ಟಿಲ್ಲ."