15 ಡಾಲರಿನ ಗಡಿಯಾರ ಮತ್ತು ಅದರಾಚೆ

ಚಕ್ ಫೀನಿ ಎಂಬ ಅಮೆರಿಕದ ವ್ಯಾಪಾರಿಯ ಬಗ್ಗೆ ಬರೆದವರೆಲ್ಲ ಅವರ ಕೈಗಡಿಯಾರವನ್ನು ನೆನೆಯದೆ ಬಿಡುವುದಿಲ್ಲ. ಸುಮಾರು 15 ಡಾಲರಿನ ಕ್ಯಾಸಿಯೊ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಾಡಿಗೆ ಫ್ಲ್ಯಾಟು, ವಿಮಾನದಲ್ಲಿ ಎಕಾನಮಿ ದರ್ಜೆ, ಕಾಗದಪತ್ರ ಇಟ್ಟುಕೊಳ್ಳಲು ಪ್ಲಾಸ್ಟಿಕ್ ಚೀಲ. ಬದುಕಿದ್ದಾಗಲೇ 800 ಕೋಟಿ ಡಾಲರ್ ದಾನ ಮಾಡಿ ಮುಗಿಸಿದ ಮನುಷ್ಯ ಹೀಗಿದ್ದರು ಎಂದು ಕೇಳಿದಾಗ ಗೌರವ ಹುಟ್ಟುವುದು ಸಹಜ. ಆದರೆ ಹುಡುಗ ಹುಡುಗಿಯರ ಮುಂದೆ ಆ ಗಡಿಯಾರವನ್ನೇ ಎತ್ತಿ ಹಿಡಿದು ‘ನೋಡಿ ಕಲಿಯಿರಿ’ ಎನ್ನುವುದು ತಪ್ಪು ಪಾಠವೆಂದು ನನಗೆ ಅನ್ನಿಸುತ್ತದೆ. ಅಂಥದೇ ಗಡಿಯಾರವನ್ನು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟು ಕಾಯುವ ಎಷ್ಟೋ ಜನ ಕಟ್ಟಿಕೊಂಡಿದ್ದಾರೆ. ಅದನ್ನು ಯಾರೂ ಸರಳತೆ ಎಂದು ಹೊಗಳುವುದಿಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ, ಫೀನಿಗೆ ಇತ್ತು. ಹಾಗಾದರೆ ಮೆಚ್ಚಬೇಕಾದದ್ದು ಗಡಿಯಾರವನ್ನಲ್ಲ, ಆ ದಾರಿಯಲ್ಲಿ ನಿಂತು ಅವರು ಮಾಡಿದ ತೀರ್ಮಾನವನ್ನು.

ಆ ತೀರ್ಮಾನ ತಿಳಿಯಬೇಕಾದರೆ ಬದುಕನ್ನು ಸ್ವಲ್ಪ ನೋಡಬೇಕು. ಫೀನಿ ಹುಟ್ಟಿದ್ದು 1931ರಲ್ಲಿ, ನ್ಯೂಜೆರ್ಸಿಯ ಎಲಿಜಬೆತ್ ಪಟ್ಟಣದ ಐರಿಷ್ ಮೂಲದ ಮನೆಯಲ್ಲಿ. ತಾಯಿ ನರ್ಸ್, ತಂದೆ ವಿಮಾ ಕಂಪನಿಯ ನೌಕರ. ವಾಯುಪಡೆಯಲ್ಲಿ ಕೆಲಸ ಮಾಡಿ, ಮಾಜಿ ಸೈನಿಕರಿಗೆ ಸರ್ಕಾರ ಕೊಡುತ್ತಿದ್ದ ನೆರವಿನಿಂದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹೋಟೆಲ್ ಆಡಳಿತ ಓದಿದರು. ಆ ನೆರವು ಖರ್ಚಿಗೆ ಸಾಲದೆ ಸಹಪಾಠಿಗಳಿಗೆ ಸ್ಯಾಂಡ್‌ವಿಚ್ ಮಾರಿದರು. 1960ರಲ್ಲಿ ಗೆಳೆಯ ರಾಬರ್ಟ್ ಮಿಲ್ಲರ್ ಜೊತೆ ಸುಂಕರಹಿತ ಅಂಗಡಿಗಳ ಉದ್ಯಮ ಶುರುಮಾಡಿದರು. 1964ರಲ್ಲಿ ಜಪಾನ್ ತನ್ನ ಪ್ರಜೆಗಳ ವಿದೇಶ ಪ್ರವಾಸದ ಮೇಲಿದ್ದ ನಿರ್ಬಂಧ ಸಡಿಲಿಸಿತು. ಹಾಂಗ್‌ಕಾಂಗ್‌ಗೂ ಹವಾಯಿಗೂ ಬಂದಿಳಿದ ಜಪಾನೀ ಪ್ರವಾಸಿಗರು ದುಬಾರಿ ಬ್ರಾಂಡಿ, ಸೆಂಟು, ಸಿಗರೇಟನ್ನು ರಾಶಿ ರಾಶಿಯಾಗಿ ಕೊಂಡರು. ಫೀನಿಯ ಸಂಪತ್ತು ಬಂದದ್ದು ಹೀಗೆ: ಐಷಾರಾಮವನ್ನು ಮಾರಿ. ಸರಳತೆಯ ಸಂತ ಎಂದು ಅವರನ್ನು ಪೂಜಿಸುವವರು ಈ ಭಾಗವನ್ನು ಮರೆಸಬಾರದು. ಒಂದು ಕಾಲದಲ್ಲಿ ಅವರಿಗೂ ಹಲವು ನಗರಗಳಲ್ಲಿ ಮನೆಗಳಿದ್ದವು. ಆ ಬದುಕನ್ನು ಬದುಕಿ ನೋಡಿಯೇ ಅದು ತನಗೆ ಬೇಡ ಎಂದವರು ಅವರು.

1982ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. 1984ರಲ್ಲಿ ಕಂಪನಿಯಲ್ಲಿದ್ದ ತಮ್ಮ ಶೇ. 38.75ರಷ್ಟು ಪಾಲನ್ನು ಪೂರ್ತಿಯಾಗಿ, ಗುಟ್ಟಾಗಿ ಅದಕ್ಕೆ ಬರೆದುಕೊಟ್ಟರು. ಆಗ ಅವರಿಗೆ 53 ವರ್ಷ. ವ್ಯಾಪಾರ ಇನ್ನೂ ಏರುತ್ತಿತ್ತು. 1988ರಲ್ಲಿ ಫೋರ್ಬ್ಸ್ ಪತ್ರಿಕೆ ಅವರನ್ನು ಅಮೆರಿಕದ ಅತಿ ಶ್ರೀಮಂತರ ಸಾಲಿನಲ್ಲಿ ಹೆಸರಿಸಿದಾಗ ಆ ಸಂಪತ್ತು ಅವರ ಹೆಸರಿನಲ್ಲಿ ಇರಲೇ ಇಲ್ಲ. ಕಂಪನಿಯನ್ನು ಮಾರುವ ಸಂದರ್ಭದಲ್ಲಿ, 1997ರಲ್ಲಿ, ಗುಟ್ಟು ಹೊರಬಿತ್ತು. ಅಷ್ಟು ಹೊತ್ತಿಗೆ ಐರ್ಲೆಂಡಿನ ವಿಶ್ವವಿದ್ಯಾಲಯಗಳಿಗೆ ಹಣ ಹರಿಯತೊಡಗಿತ್ತು. ವಿಯೆಟ್ನಾಮಿನ ಆಸ್ಪತ್ರೆಗಳಿಗೂ ದಕ್ಷಿಣ ಆಫ್ರಿಕಕ್ಕೂ ಅದು ಹೋಯಿತು. ಐದು ಖಂಡಗಳಲ್ಲಿ ಸುಮಾರು ಸಾವಿರ ಕಟ್ಟಡಗಳು ಎದ್ದವು, ಒಂದರ ಮೇಲೂ ಅವರ ಹೆಸರು ಕೆತ್ತಿಸಲಿಲ್ಲ. ನಮ್ಮ ಕಡೆ ದೇವಸ್ಥಾನಕ್ಕೆ ಕೊಟ್ಟ ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ಬರೆಸುತ್ತೇವೆ. ಅದರಲ್ಲಿ ಪಾಪವೇನೂ ಇಲ್ಲ. ಆದರೆ ಬಟ್ಟೆಬರೆಯಲ್ಲಿ ಸರಳವಾಗಿರುವುದಕ್ಕಿಂತ ಹೆಸರಿನಾಸೆಯಲ್ಲಿ ಸರಳವಾಗಿರುವುದು ಬಹಳ ಕಷ್ಟ ಎಂಬುದು ಅಂಥ ಫ್ಯಾನಿನ ಕೆಳಗೆ ಕೂತವರಿಗೆ ಗೊತ್ತು.

ಶ್ರೀಮಂತನ ಸರಳತೆಯನ್ನು ಅಳೆಯಬೇಕಾದದ್ದು ಎರಡು ಕಡೆ ಎಂದು ನಾನು ತಿಳಿದಿದ್ದೇನೆ. ಖರ್ಚು ಮಾಡದೆ ಉಳಿಸಿದ ಹಣ ಎಲ್ಲಿಗೆ ಹೋಯಿತು? ಮತ್ತು ಆ ಸರಳತೆಯ ಭಾರವನ್ನು ಹೊತ್ತವರು ಯಾರು? ಹಳೆಯ ಕಾರಿನಲ್ಲಿ ಓಡಾಡುವ ಯಜಮಾನ ಮನೆಗೆಲಸದವಳ ಸಂಬಳ ಏರಿಸಲು ವರ್ಷಗಟ್ಟಲೆ ಹಿಂದೆಮುಂದೆ ನೋಡಿದರೆ ಅದು ಜಿಪುಣತನ. ತನ್ನ ತಟ್ಟೆಗೆ ಕಡಿಮೆ ಬಡಿಸಿಕೊಂಡ ಕಾರಣಕ್ಕೆ ಇನ್ನೊಬ್ಬರ ತಟ್ಟೆಯಿಂದ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಬರುವುದಿಲ್ಲ. ಖರ್ಚು ಕಡಿಮೆ ಮಾಡಿ ಆಸ್ತಿಯನ್ನು ಬರೀ ಬೆಳೆಸುತ್ತಾ ಹೋಗುವವನಿಗೂ ಅದ್ದೂರಿಯಾಗಿ ಬದುಕುವವನಿಗೂ ಇರುವ ಅಂತರ ಅಭಿರುಚಿಯದು ಮಾತ್ರ. ಇಬ್ಬರನ್ನೂ ಹಣವೇ ಆಳುತ್ತಿದೆ. ಫೀನಿ ಬಿಟ್ಟುಕೊಟ್ಟದ್ದು ಒಡೆತನವನ್ನು. ಕೊಡುವ ನಿರ್ಧಾರಗಳಲ್ಲಿ ಅವರ ಮಾತಿಗೆ ತೂಕ ಉಳಿಯಿತು ನಿಜ. ಆದರೂ ತನಗಾಗಿ ಅದನ್ನು ಮರಳಿ ಪಡೆಯುವ ಬಾಗಿಲನ್ನು ಅವರು ತಾವೇ ಮುಚ್ಚಿಕೊಂಡಿದ್ದರು.

ಈ ಮಾತನ್ನು ಕಲಿಯಲು ಕನ್ನಡಿಗರು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನ ಕಾಯಕ, ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿನದನ್ನು ತಂದಲ್ಲೇ ಸುರಿದು ಬರುವಂತೆ ಹೇಳಿದಳು ಎಂಬ ಕತೆ ನಮಗೆಲ್ಲ ಗೊತ್ತು. ಅದನ್ನು ಬಡವರ ತೃಪ್ತಿಯ ಕತೆಯಾಗಿ ಹೇಳಿ ಮುಗಿಸುತ್ತೇವೆ. ನನಗೆ ಕಾಣುವುದು ಬೇರೆ. ಲಕ್ಕಮ್ಮನಿಗೆ ತನ್ನ ಅಗತ್ಯದ ಅಳತೆ ಅಕ್ಕಿ ಬರುವ ಮೊದಲೇ ಗೊತ್ತಿತ್ತು. ಬಂದಮೇಲೆ ಎಷ್ಟು ಬೇಕೆಂದು ಯೋಚಿಸುವವರಿಗೆ ಬಂದದ್ದೆಲ್ಲ ಬೇಕೆನಿಸುತ್ತದೆ. ಇನ್ನೂ ದೊಡ್ಡ ಮಾತೆಂದರೆ, ದಾಸೋಹ ನಡೆಸುತ್ತಿದ್ದ ಆ ದಂಪತಿ ಹೆಚ್ಚಿನ ಅಕ್ಕಿಯನ್ನು ದಾನದ ನೆಪದಲ್ಲೂ ಇಟ್ಟುಕೊಳ್ಳಲಿಲ್ಲ. ಒಳ್ಳೆಯ ಕೆಲಸಕ್ಕೆ ಬೇಕಲ್ಲ ಎಂದು ಕೂಡಿಹಾಕುವುದೂ ಆಸೆಯ ಇನ್ನೊಂದು ವೇಷವೆಂದು ಆಕೆ ಗುರುತಿಸಿದ್ದಳು. ಈ ಅಳತೆಗೋಲಿನ ಮುಂದೆ ಫೀನಿಯೂ ಪೂರ್ತಿ ಉತ್ತೀರ್ಣರಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಫೀನಿಯ ಪ್ರತಿಷ್ಠಾನ ನೋಂದಣಿಯಾದದ್ದು ಬರ್ಮುಡಾದಲ್ಲಿ. ವ್ಯಾಪಾರದ ದಿನಗಳಲ್ಲಿ ತೆರಿಗೆ ಆದಷ್ಟು ಕಡಿಮೆಯಾಗುವಂತೆ ಲೆಕ್ಕ ಹಾಕಿದವರು ಅವರು. ನ್ಯಾಯವಾಗಿ ತೆರಿಗೆ ವಸೂಲಾಗಿದ್ದರೆ ಆಸ್ಪತ್ರೆ, ಶಾಲೆಗಳನ್ನು ಸರ್ಕಾರವೇ ಕಟ್ಟುತ್ತಿರಲಿಲ್ಲವೇ? ಒಬ್ಬ ಸಿರಿವಂತನ ಒಳ್ಳೆಯತನವನ್ನು ಸಾವಿರಾರು ಜನ ಕಾಯುತ್ತಾ ಕೂರಬೇಕೆ? ನಮ್ಮದೇ ಉದಾಹರಣೆ ತೆಗೆದುಕೊಳ್ಳಿ. ಅಜೀಂ ಪ್ರೇಮ್‌ಜಿ ಅವರು ಎಕಾನಮಿ ದರ್ಜೆಯಲ್ಲಿ ಹಾರಾಡುವ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ವಿಪ್ರೋದ ಸುಮಾರು ಶೇ. 67ರಷ್ಟು ಷೇರುಗಳ ಆರ್ಥಿಕ ಲಾಭವನ್ನು 2019ರ ಹೊತ್ತಿಗೆ ದಾನಕಾರ್ಯಕ್ಕೆ ಬಿಟ್ಟುಕೊಟ್ಟದ್ದು ಅಷ್ಟೇ ಜನರಿಗೆ ನೆನಪಿದೆಯೇ ಎಂಬ ಅನುಮಾನ ನನಗಿದೆ. ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆ 2024ರಿಂದ ಆರು ದಿನವಾಯಿತು. ಹೆಚ್ಚಿನ ನಾಲ್ಕು ದಿನದ ಖರ್ಚು ಅವರ ಫೌಂಡೇಶನ್ನಿನದು. ಯಾದಗಿರಿಯ ಶಾಲೆಯೊಂದರಲ್ಲಿ ಬಿಸಿಯೂಟಕ್ಕೆ ಕೂತ ಮಗುವಿಗೆ ಆ ಮೊಟ್ಟೆ ಬೇಕು. ಪ್ರೇಮ್‌ಜಿ ವಿಮಾನದ ಯಾವ ಸೀಟಿನಲ್ಲಿ ಕೂರುತ್ತಾರೆ ಎಂಬುದರಿಂದ ಆ ಮಗುವಿಗೆ ಆಗಬೇಕಾದದ್ದು ಏನೂ ಇಲ್ಲ. ಆದರೆ ಮಗುವಿನ ಮೊಟ್ಟೆ ಯಾರೋ ಒಬ್ಬರ ಮನಸ್ಸಿನ ಮೇಲೆ ನಿಂತಿರಬಾರದು ಎಂಬ ವಾದವನ್ನೂ ನಾನು ಪೂರ್ತಿ ಒಪ್ಪುತ್ತೇನೆ. ದಾನವನ್ನು ತೆರಿಗೆಗೆ ಬದಲಾಗಿ ನೋಡಬಾರದು, ಸರಳತೆಯನ್ನು ನ್ಯಾಯಕ್ಕೆ ಬದಲಾಗಿ ನೋಡಬಾರದು. ಎರಡನ್ನೂ ಒಟ್ಟಿಗೆ ಕೇಳುವ ಧೈರ್ಯ ನಮ್ಮ ಯುವಕರಲ್ಲಿ ಬೆಳೆಯಬೇಕು.

ಇನ್ನು ಕಲಿಕೆಯ ಮಾತು. ಸರಳವಾಗಿ ಬದುಕು ಎಂದು ಉಪದೇಶಿಸುವಾಗ ಎದುರಿಗಿರುವವರು ಯಾರೆಂದು ನೋಡಬೇಕು. ಮಳೆಯಲ್ಲಿ ನೆನೆಯುತ್ತಾ ಊಟದ ಪಾರ್ಸೆಲ್ ತಲುಪಿಸುವ ಹುಡುಗನಿಗೆ ಈ ಉಪದೇಶ ಕ್ರೌರ್ಯ. ಅವನಿಗೆ ಬೇಕಾದದ್ದು ಹೆಚ್ಚಿನ ಕೂಲಿ. ನಾನು ಹೇಳುತ್ತಿರುವುದು ಸಂಬಳ ಪ್ರತಿವರ್ಷ ಏರುವ, ಏರಿದಂತೆಲ್ಲ ಕಂತುಗಳೂ ಏರುವ ಯುವಕ ಯುವತಿಯರನ್ನು ಕುರಿತು. ಮೊದಲು ಫೋನಿನ ಕಂತು, ಆಮೇಲೆ ಬೈಕಿನದು, ಕಾರಿನದು, ಫ್ಲ್ಯಾಟಿನದು. ಒಂದೊಂದೂ ಕೈಗೆಟುಕುವಂತೆಯೇ ಕಾಣುತ್ತದೆ. ಎಲ್ಲ ಸೇರಿ ಸಂಬಳದ ಅರ್ಧಕ್ಕಿಂತ ಹೆಚ್ಚನ್ನು ನುಂಗಿದ ದಿನ, ಮೇಲಧಿಕಾರಿ ಸುಳ್ಳು ಲೆಕ್ಕ ಬರೆಯಲು ಹೇಳಿದರೆ ಆಗುವುದಿಲ್ಲ ಎನ್ನುವ ಬಾಯಿ ಕಟ್ಟಿಹೋಗುತ್ತದೆ. ಹಿಡಿಸದ ಕೆಲಸ ಬಿಟ್ಟು ಆರು ತಿಂಗಳು ಹೊಸದನ್ನು ಕಲಿಯುವುದು, ಕಾಯಿಲೆ ಬಿದ್ದ ತಂದೆಯ ಜೊತೆ ಊರಿನಲ್ಲಿರುವುದು ಸಾಧ್ಯವಾಗುವುದಿಲ್ಲ. ಸರಳತೆಯಿಂದ ಯುವಕರಿಗೆ ಸಿಗುವ ನಿಜವಾದ ಲಾಭ ಈ ಬಾಯಿ, ಈ ಬಿಡುವು. ಅದನ್ನು ತ್ಯಾಗ ಎಂದು ಕರೆದು ನಾವು ಅವರನ್ನು ಹೆದರಿಸುತ್ತೇವೆ.

ಆದ್ದರಿಂದ ಸಂಬಳ ಏರುವ ಮೊದಲೇ ಅಳತೆ ನಿಶ್ಚಯವಾಗಬೇಕು. ಬಾಡಿಗೆ, ಊಟ, ಅಪ್ಪ ಅಮ್ಮನಿಗೆ ಕಳಿಸುವುದು, ಆಪತ್ತಿಗೆ ಇಡುವುದು, ಒಂದಿಷ್ಟು ಸಂತೋಷ, ಇವೆಲ್ಲ ಸೇರಿ ಎಷ್ಟೆಂದು ಬರೆದಿಟ್ಟುಕೊಂಡವರಿಗೆ ಅದರ ಮೇಲೆ ಬಂದದ್ದು ತನ್ನದು ಹೌದೋ ಅಲ್ಲವೋ ಎಂದು ಕೇಳಿಕೊಳ್ಳಲು ಅವಕಾಶವಿರುತ್ತದೆ. ಅಳತೆ ಬದಲಾಗಬಾರದು ಎಂದೇನಿಲ್ಲ. ಮಗು ಹುಟ್ಟಿದರೆ, ಕಾಯಿಲೆ ಬಂದರೆ ಬದಲಾಗಲೇಬೇಕು. ಪಕ್ಕದ ಮನೆಯವರು ಹೊಸ ಕಾರು ತಂದ ಕಾರಣಕ್ಕೆ ಬದಲಾಗಬಾರದು, ಅಷ್ಟೆ. ಫೀನಿ ತಮ್ಮ ಮಕ್ಕಳು ಓದುವಾಗ ಹೋಟೆಲುಗಳಲ್ಲಿ ಬಡಿಸುವ, ಕೋಣೆ ಗುಡಿಸುವ ಕೆಲಸ ಮಾಡುವಂತೆ ನೋಡಿಕೊಂಡರು. ನಮ್ಮಲ್ಲಿ ಅನುಕೂಲಸ್ಥರ ಮಕ್ಕಳು ರಜೆಯಲ್ಲಿ ಅಂಗಡಿಯಲ್ಲಿ ನಿಂತರೆ ಮನೆಯ ಮರ್ಯಾದೆ ಹೋಯಿತೆಂದು ಹಿರಿಯರು ಕಂಗೆಡುತ್ತಾರೆ. ಹಾಗಾಗಿ ದುಡಿಮೆಯ ಭಾರ ಗೊತ್ತಿಲ್ಲದೆ ಮಕ್ಕಳು ನೇರವಾಗಿ ಖರ್ಚಿಗೆ ಇಳಿಯುತ್ತಾರೆ.

ಹಿರಿಯರಾದ ನಮ್ಮನ್ನು ಕೇಳಬೇಕಾದ ಪ್ರಶ್ನೆಯೂ ಇಲ್ಲೇ ಇದೆ. ಮಕ್ಕಳಿಗೆ ಸರಳತೆ ಬೋಧಿಸುವ ನಾವೇ ಸಂಬಂಧ ನೋಡುವಾಗ ಹುಡುಗನಿಗೆ ಸ್ವಂತ ಮನೆ ಇದೆಯಾ, ಸೈಟು ಎಲ್ಲಿ, ಕಾರು ಯಾವುದು ಎಂದು ವಿಚಾರಿಸುತ್ತೇವೆ. ಬಾಡಿಗೆ ಮನೆಯಲ್ಲಿ ನೆಮ್ಮದಿಯಾಗಿದ್ದು, ಉಳಿದದ್ದರಲ್ಲಿ ಊರಿನ ಇಬ್ಬರು ಮಕ್ಕಳ ಕಾಲೇಜು ಫೀಸು ಕಟ್ಟುವ ಹುಡುಗನನ್ನು ‘ಇನ್ನೂ ಸೆಟ್ಲ್ ಆಗಿಲ್ಲ’ ಎಂದು ಪಕ್ಕಕ್ಕಿಡುತ್ತೇವೆ. ಮದುವೆಗೆಂದು ಸಾಲ ಮಾಡಿಸಿ ಮೂರು ದಿನದ ಚಪ್ಪರ ಹಾಕಿಸುವವರೂ ನಾವೇ. ಇಪ್ಪತ್ತೈದರ ಹುಡುಗಿಯೊಬ್ಬಳು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗಿ ಹತ್ತಿರದವರಿಗೆ ಊಟ ಹಾಕಿದರೆ ಸಾಕು ಎಂದಾಗ ಆ ಮನೆಯ ದೊಡ್ಡವರು ಏನು ಉತ್ತರ ಕೊಡುತ್ತಾರೆ ಎಂಬುದರ ಮೇಲೆ, ನಮ್ಮ ಯುವಕರು ಫೀನಿಯಿಂದಲೂ ಲಕ್ಕಮ್ಮನಿಂದಲೂ ಏನನ್ನು ಕಲಿಯಲು ಸಾಧ್ಯ ಎಂಬುದು ಬಹುಮಟ್ಟಿಗೆ ನಿಂತಿದೆ.